ಮಳೆಗಾಲದಲ್ಲೂ ಸಂದು ಕದಲದ ಮೋರ್ಸ್ ಕೀ: ಯಾವುದರಿಂದ, ಹೇಗೆ ಮಾಡಿಸುವುದು?

ಚುಕ್ಕೆ-ಗೆರೆ ಸದ್ದಿನಲ್ಲಿ ರೇಡಿಯೊ ಸಂದೇಶ ಕಳಿಸಲು ಮಾಡಿಕೊಂಡ ನನ್ನ ಮೊದಲ ಮೋರ್ಸ್ ಕೀ ಜುಲೈ ತಿಂಗಳ ಒಂದು ರಾತ್ರಿ ತಾನಾಗಿ ಕೂಗಲು ಶುರುಮಾಡಿತು. ಯಾರೂ ಅದನ್ನು ಮುಟ್ಟಿರಲಿಲ್ಲ. 555 ಐಸಿ ಹಾಕಿ ಮಾಡಿಕೊಂಡಿದ್ದ ಆಸಿಲೇಟರಿಗೆ (ಅಭ್ಯಾಸಕ್ಕೆ ಪೀ ಸದ್ದು ಮಾಡುವ ಪುಟ್ಟ ಸರ್ಕ್ಯೂಟು) ಜೋಡಿಸಿ, ಸ್ವಿಚ್ ಆರಿಸಲು ಮರೆತು ಮಲಗಿದ್ದೆ. ನಡುರಾತ್ರಿ ಮನೆಯವರೆಲ್ಲ ಎದ್ದು ಕೂತರು. ಹೊರಗೆ ಮಡಿಕೇರಿಯ ಮಳೆ, ಒಳಗೆ ನಿಲ್ಲದ ಪೀ ಸದ್ದು.

ಬೆಳಿಗ್ಗೆ ಬಿಚ್ಚಿ ನೋಡಿದಾಗ ಕಾರಣ ಗೊತ್ತಾಯಿತು. ಏಪ್ರಿಲಿನ ಬಿಸಿಲಿನಲ್ಲಿ ಹಲಸಿನ ಹಲಗೆಯ ಮೇಲೆ ಕಟ್ಟಿದ್ದ ಕೀ ಅದು. ಹಲಗೆಯ ಮೇಲ್ಭಾಗಕ್ಕೆ ಮಾತ್ರ ವಾರ್ನಿಷ್ ಹೊಡೆದಿದ್ದೆ, ಅಡಿ ಬರೀ ಮರ. ಅಡಿಯ ಮರ ತೇವ ಕುಡಿದು ಹಿಗ್ಗಿ, ಹಲಗೆಯ ಎರಡು ಅಂಚು ಮೇಲಕ್ಕೆ ಬಾಗಿದ್ದವು. ಒತ್ತಿದಾಗ ತಾಗುವ ಎರಡು ಲೋಹದ ಗುಂಡಿಗಳ ನಡುವೆ ಕಾಗದದಷ್ಟು ಬಿಟ್ಟಿದ್ದ ಸಂದು ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವಲ್ಲ, ಅದೇ ಕತೆ.

ಆಮೇಲೆ ಇನ್ನೂ ಮೂರು ಕೀ ಮಾಡಿದೆ. ಕೆಲವರಿಗೆ ಮಾಡಿಸಿಕೊಟ್ಟೆ ಕೂಡ. ಕೇಳುವವರೆಲ್ಲ ಮೊದಲು ಕೇಳುವುದು ಒಂದೇ: ಹಿತ್ತಾಳೆಯದು ಒಳ್ಳೆಯದಾ, ಮರದ್ದಾ? ನಾನು ನೋಡುವುದು ಬೇರೆ. ಜೂನ್ ಒಂದರಂದು ಹೊಂದಿಸಿದ ಸಂದು ಸೆಪ್ಟೆಂಬರಿನಲ್ಲೂ ಅಷ್ಟೇ ಇರುತ್ತದಾ? ಹೊಂದಿಸಲು ಬರುವ ಕೀ ಎಂದ ಮೇಲೆ ತಿರುಪು ತಿರುಗಿದರೆ ಸಾಲದು, ತಿರುಗಿಸಿದ ಜಾಗದಲ್ಲಿ ಅದು ಕೂತಿರಬೇಕು. ಕೆಳಗಿನ ಹೋಲಿಕೆಯೆಲ್ಲ ಈ ಕಣ್ಣಿನಿಂದ ನೋಡಿದ್ದು.

ಹೊಸಬರಿಗೆ ಎರಡು ಮಾತು. ನಾನಿಲ್ಲಿ ಹೇಳುತ್ತಿರುವುದು ಸ್ಟ್ರೇಟ್ ಕೀ ಎಂಬ ಮೋರ್ಸ್ ಕೀ ಬಗ್ಗೆ, ಅದೊಂದು ಪುಟ್ಟ ಏತ. ಒಂದು ತೋಳು, ಅದು ಆಡುವ ಕೀಲು, ಮುಂದಿನ ತುದಿಯಲ್ಲಿ ಒತ್ತುವ ನಾಬ್. ತೋಳಿನ ಅಡಿಯಲ್ಲಿ ಒಂದು ಕಾಂಟ್ಯಾಕ್ಟ್ (ತಾಗುವ ಲೋಹದ ಗುಂಡಿ), ತಳದಲ್ಲಿ ಇನ್ನೊಂದು. ತೋಳನ್ನು ಮೇಲಕ್ಕೆ ಹಿಡಿಯಲು ಸ್ಪ್ರಿಂಗ್. ಹೊಂದಿಸಲು ಮುಖ್ಯವಾಗಿ ಎರಡು ತಿರುಪು: ಹಿಂದಿನದು ಸಂದಿಗೆ, ಇನ್ನೊಂದು ಸ್ಪ್ರಿಂಗಿನ ಬಿಗಿಗೆ.

ಕೈ ಎಲ್ಲಿ ಕೂರುತ್ತದೆ?

ಸಾಮಾನು ಕೊಳ್ಳುವ ಮೊದಲು ಮೇಜಿನ ಮುಂದೆ ಕೂತು ಇದನ್ನು ತೀರ್ಮಾನಿಸಿ. ಪ್ರಪಂಚದಲ್ಲಿ ಎರಡು ಪದ್ಧತಿ ಇವೆ. ಅಮೆರಿಕದವರ ಕೀ ಗಿಡ್ಡ. ಮೇಜಿನ ಅಂಚಿನಿಂದ ಒಂದೂವರೆ ಅಡಿ ಒಳಗಿಟ್ಟು, ಮುಂಗೈಯನ್ನು ಮೇಜಿನ ಮೇಲೆ ಮಲಗಿಸಿ, ಮಣಿಕಟ್ಟು ಆಡಿಸಿ ಒತ್ತುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅವರು ಬಳಸಿದ ಜೆ-38 ಎಂಬ ಕೀ ಈ ಜಾತಿಯದು. ಬ್ರಿಟನ್ ಮತ್ತು ಯುರೋಪಿನವರ ಕೀ ಎತ್ತರ. ಮೇಜಿನ ಅಂಚಿನಲ್ಲೇ ಇರುತ್ತದೆ, ಮೊಣಕೈ ಗಾಳಿಯಲ್ಲಿರುತ್ತದೆ.

ನನ್ನ ದೊಡ್ಡಪ್ಪ ಸೇನೆಯ ಸಿಗ್ನಲ್ಸ್‌ನಲ್ಲಿದ್ದವರು, ಜಬಲ್ಪುರದಲ್ಲಿ ಕಲಿತವರು. ನನ್ನ ಗಿಡ್ಡ ಕೀಯನ್ನು ನೋಡಿ, "ಇದೆಂತ ಮಗ, ಕೈಗೆ ಹಾಸಿಗೆ ಹಾಸಿದ್ದೀಯಾ?" ಎಂದು ನಕ್ಕರು. ಅವರಿಗೆ ಎತ್ತರದ್ದೇ ಸರಿ. ನನಗೆ ಗಿಡ್ಡದ್ದು. ಇದರಲ್ಲಿ ಮೇಲು ಕೀಳು ಇಲ್ಲ, ಆದರೆ ಎರಡನ್ನೂ ಬೆರೆಸಬೇಡಿ. ಎತ್ತರದ ಕೀಯನ್ನು ಮೇಜಿನ ಒಳಗಿಟ್ಟು ಮುಂಗೈ ಊರಿದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಳ್ಳುತ್ತದೆ. ಅರ್ಧ ಗಂಟೆಗೆ ನೋವು ಶುರು. ತಂತಿ ಕಚೇರಿಯ ಕೆಲಸದವರಿಗೆ ಈ ನೋವು ಎಷ್ಟಿತ್ತೆಂದರೆ, ಬ್ರಿಟನ್ನಿನಲ್ಲಿ 1908ರಲ್ಲೇ ಅದನ್ನು ಪರಿಹಾರ ಕೊಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರು.

ನನ್ನ ಗಿಡ್ಡ ಕೀಯಲ್ಲಿ ನಾಬಿನ ತಲೆ ಮೇಜಿನಿಂದ 40 ಮಿ.ಮೀ. ಎತ್ತರದಲ್ಲಿದೆ. ದೊಡ್ಡಪ್ಪನಿಗೆ ಮಾಡಿದ್ದು 70 ಮಿ.ಮೀ. ಮೇಜು ಚಿಕ್ಕದಿದ್ದರೆ ಎತ್ತರದ್ದೇ ಗತಿ. ಆದರೆ ಎತ್ತರ ಹೆಚ್ಚಿದಷ್ಟೂ ತಳಕ್ಕೆ ತೂಕ ಜಾಸ್ತಿ ಬೇಕು, ಇಲ್ಲದಿದ್ದರೆ ಒತ್ತಿದಾಗೆಲ್ಲ ಮುಗ್ಗರಿಸುತ್ತದೆ.

ಕೀಲು: ಹಣ ಹಾಕುವುದಾದರೆ ಇಲ್ಲಿ ಹಾಕಿ

ತೋಳು ಮೇಲೆ ಕೆಳಗೆ ಮಾತ್ರ ಆಡಬೇಕು. ಎಡಬಲಕ್ಕೆ ಕೂದಲಿನಷ್ಟು ಆಡಿದರೂ ಕಾಂಟ್ಯಾಕ್ಟು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ತಾಗುತ್ತದೆ, ಡಿಟ್‌ಗಳು (ಮೋರ್ಸಿನ ಚುಕ್ಕೆ ಸದ್ದುಗಳು) ಹರಿದುಹೋಗುತ್ತವೆ. ನಿಮಿಷಕ್ಕೆ 8 ಪದದ ವೇಗದಲ್ಲಿ ಒಂದು ಡಿಟ್ 150 ಮಿಲಿಸೆಕೆಂಡ್. ಆ ವೇಗದಲ್ಲಿ ಎಂಥ ಕೀಲೂ ನಡೆಯುತ್ತದೆ. 20 ಪದಕ್ಕೆ ಹೋದರೆ ಡಿಟ್ ಬರೀ 60 ಮಿಲಿಸೆಕೆಂಡ್. ಅಲ್ಲಿ ಕೀಲಿನ ಬಣ್ಣ ಬಯಲಾಗುತ್ತದೆ.

ತೀರಾ ಅಗ್ಗದ ದಾರಿ ಹ್ಯಾಕ್ಸಾ ಬ್ಲೇಡ್. ಬ್ಲೇಡಿನ ಒಂದು ತುದಿಯನ್ನು ತಳಕ್ಕೆ ಬಿಗಿದರೆ ಅದೇ ತೋಳು, ಅದೇ ಕೀಲು, ಅದೇ ಸ್ಪ್ರಿಂಗ್. ಸವೆಯುವ ಭಾಗವೇ ಇಲ್ಲ, ಎಡಬಲ ಆಟವೂ ಇಲ್ಲ. ಇದೇನು ಹೊಸ ವಿದ್ಯೆಯೂ ಅಲ್ಲ. 1844ರಲ್ಲಿ ಆಲ್ಫ್ರೆಡ್ ವೇಲ್ ಮಾಡಿದ ಮೊದಲ ಕೀ ಕೂಡ ಬಾಗುವ ಪಟ್ಟಿಯೇ. ತೊಂದರೆ ಎಂದರೆ ಬಿಗಿಯನ್ನು ಹೊಂದಿಸಲು ಆಗುವುದಿಲ್ಲ. ಪಟ್ಟಿಯ ಗಡಸು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಅರ್ಧವಾದರೆ ಗಡಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಕೈಗೆ ಸರಿಯಾದ ಬ್ಲೇಡ್ ಸಿಕ್ಕರೆ ಅದೃಷ್ಟ. ಬಿಗಿಯುವ ಜಾಗವನ್ನು ಹಿಂದೆ ಮುಂದೆ ಸರಿಸಿ ಸ್ವಲ್ಪ ತಿದ್ದಬಹುದು, ಅಷ್ಟೇ. ಶಾಲೆಯ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಮಾಡಿಸಲು ಇದಕ್ಕಿಂತ ಒಳ್ಳೆಯದಿಲ್ಲ. ದಿನಾ ಬಳಸುವ ಕೀಗೆ ಬೇಡ.

ಎರಡನೆಯದು ಬಾಲ್ ಬೇರಿಂಗ್. 623 ಎಂಬ ಪುಟ್ಟ ಬೇರಿಂಗ್ ಸಾಕು. ಒಳತೂತು 3 ಮಿ.ಮೀ., ಹೊರ ಅಳತೆ 10, ದಪ್ಪ 4. ಮಕ್ಕಳ ಸ್ಕೇಟಿಂಗ್ ಚಕ್ರದ 608 ಎಲ್ಲೆಡೆ ಸಿಗುತ್ತದೆ, ಆದರೆ 22 ಮಿ.ಮೀ. ಅಗಲದ್ದು, ಕೀಗೆ ಅದು ಗಾಡಿಯ ಗಾಲಿ ಇದ್ದಂತೆ. 623ರ ಓಟ ಬೆಣ್ಣೆಯಂತಿರುತ್ತದೆ. ಒಂದು ಗುಟ್ಟು ಮಾತ್ರ ಗೊತ್ತಿರಬೇಕು. ಹೊಸ ಬೇರಿಂಗಿನಲ್ಲೂ ಗುಂಡುಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಎರಡೂ ಬೇರಿಂಗನ್ನು ಪಕ್ಕದಿಂದ ಹಗುರವಾಗಿ ಒತ್ತಿ ಹಿಡಿಯುವ ಏರ್ಪಾಟು ಮಾಡದಿದ್ದರೆ, ಅಷ್ಟು ದುಡ್ಡು ಕೊಟ್ಟೂ ತೋಳು ಅಲುಗಾಡುತ್ತದೆ. ತುಕ್ಕಿನ ಭಯಕ್ಕೆ ಸ್ಟೇನ್‌ಲೆಸ್‌ನದೇ ಕೇಳಿ ತನ್ನಿ.

ಮೂರನೆಯದು ಹಳೆಯ ಕಾಲದ ಮೊನೆ ತಿರುಪು. ತೋಳಿಗೆ ಅಡ್ಡಲಾಗಿ ಒಂದು ಕಂಬಿ, ಅದರ ಎರಡು ತುದಿಯಲ್ಲೂ ಪುಟ್ಟ ಕುಳಿ. ಎರಡು ಪಕ್ಕದ ಕಂಬಗಳಿಂದ ಚೂಪು ಮೊನೆಯ ತಿರುಪುಗಳು ಬಂದು ಆ ಕುಳಿಗಳಲ್ಲಿ ಕೂರುತ್ತವೆ. ಸಡಿಲ ಬಂದರೆ ತಿರುಪನ್ನು ಚೂರು ತಿರುಗಿಸಿ ತೆಗೆಯಬಹುದು. ಸವೆದರೂ ಅಷ್ಟೇ. ಜೆ-38ರಲ್ಲೂ ಇಂಥದ್ದೇ. ಕೊಡಗಿನ ಮಳೆಗೆ ನನ್ನ ಓಟು ಇದಕ್ಕೇ. ಕಾರಣ ಸರಳ: ಬೇರಿಂಗಿಗೆ ತುಕ್ಕು ಹಿಡಿದರೆ ಬಿಸಾಡಬೇಕು, ಮೊನೆಗೆ ತುಕ್ಕು ಹಿಡಿದರೆ ಉಜ್ಜಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಿಟ್ಟು ಮತ್ತೆ ಹಾಕಬಹುದು.

ಆದರೆ ಇದಕ್ಕೆ ಲೇತ್ ಕೆಲಸ ಬೇಕು. ಎರಡು ಕಂಬಗಳ ತೂತು ಒಂದೇ ನೇರಕ್ಕೆ ಬರಬೇಕು. ಕಂಬಗಳನ್ನು ಒಟ್ಟಿಗೆ ಹಿಡಿದು ಒಂದೇ ಸಲಕ್ಕೆ ತೂತು ಕೊರೆಯಲು ಹೇಳಿ. ಬೇರೆ ಬೇರೆ ಕೊರೆದು ಆಮೇಲೆ ಹೊಂದಿಸುವ ಆಟಕ್ಕೆ ಹೋಗಬೇಡಿ. ನಾನು ಕುಶಾಲನಗರದ ಒಂದು ಲೇತ್ ಅಂಗಡಿಗೆ ಹೋಗಿದ್ದೆ. "ಇದು ಯಾವ ಪಲ್ಪರಿನ ಸಾಮಾನು ಸಾರ್?" ಎಂದು ಕೇಳಿದರು. (ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ.) "ಪಲ್ಪರ್ ಅಲ್ಲಣ್ಣ, ತಂತಿ ಕಳಿಸುವ ಕೀ" ಎಂದೆ. ಭಾರತದಲ್ಲಿ ತಂತಿ ಸೇವೆ 2013ರ ಜುಲೈಯಲ್ಲೇ ನಿಂತಿತು ಎಂದು ಅವರಿಗೂ ಗೊತ್ತಿತ್ತು. ಒಂದು ಥರ ಕರುಣೆಯಿಂದ ನೋಡಿದರು. ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಹೋಗುವುದಾದರೆ ಕಾಫಿ ಕೊಯ್ಲಿಗೆ ಮುಂಚೆ ಹೋಗಿ. ನವೆಂಬರ್ ಬಂತೆಂದರೆ ತೋಟದವರ ಪಲ್ಪರ್ ರಿಪೇರಿಯ ನಡುವೆ ನಿಮ್ಮ ಎರಡಿಂಚಿನ ಹಿತ್ತಾಳೆಯನ್ನು ಯಾರೂ ಮುಟ್ಟುವುದಿಲ್ಲ.

ಲೇತ್ ಹತ್ತಿರ ಇಲ್ಲ, ಬರೀ ಡ್ರಿಲ್ ಇದೆ ಎನ್ನುವವರು ಬೇರಿಂಗ್ ಹಾಕಿ. ಬಾಗಿಲಿನ ಕೀಲನ್ನೇ ತಂದು ಹಾಕಿದವರನ್ನೂ ನೋಡಿದ್ದೇನೆ. ಅದು ಬಾಗಿಲಿಗೇ ಇರಲಿ.

ಯಾವ ಕೀಲು ಹಾಕಿದರೂ ಒಂದು ಕೆಲಸ ತಪ್ಪಿಸಬೇಡಿ. ಕೀಲಿನ ಮೂಲಕ ಕರೆಂಟು ಹರಿಯಲು ಬಿಡಬೇಡಿ. ಎಣ್ಣೆ, ಧೂಳು, ತುಕ್ಕು ಸೇರಿ ಅಲ್ಲಿ ಕರಕರ ಸದ್ದು ಬರುತ್ತದೆ. ತೋಳಿನಿಂದ ಟರ್ಮಿನಲ್‌ಗೆ ಮೆತ್ತಗಿನ, ಅನೇಕ ಎಳೆಯ ತಾಮ್ರದ ತಂತಿಯನ್ನು ಸಡಿಲವಾಗಿ ಬೆಸೆಯಿರಿ. ಎರಡು ನಿಮಿಷದ ಕೆಲಸ. ನನ್ನ ಎರಡನೇ ಕೀಯಲ್ಲಿ ಬಿಟ್ಟುಬಿಟ್ಟಿದ್ದೆ, ಮೂರು ತಿಂಗಳು ರೇಡಿಯೊವನ್ನು ಬೈದುಕೊಂಡೆ.

ತಿರುಪುಗಳು: ಸಣ್ಣ ಥ್ರೆಡ್ಡಾ, ದೊಡ್ಡ ತಲೆಯಾ?

ಸಂದಿನ ಅಳತೆ ಎಷ್ಟು ಸೂಕ್ಷ್ಮ ಎಂದು ಕಣ್ಣಿಗೆ ಬರಬೇಕಾದರೆ, ಜೆರಾಕ್ಸ್ ಕಾಗದದ ಒಂದು ಹಾಳೆ ತನ್ನಿ. ಅದರ ದಪ್ಪ ಸುಮಾರು 0.1 ಮಿ.ಮೀ. ನಾನು ಕಾಂಟ್ಯಾಕ್ಟಿನ ನಡುವೆ ಬಿಡುವುದು ಎರಡು ಹಾಳೆಯಷ್ಟು. ಕಾಂಟ್ಯಾಕ್ಟು ಕೀಲಿಗೂ ನಾಬಿಗೂ ಸರಿಯಾಗಿ ನಡುವೆ ಇದ್ದರೆ ನಾಬಿನಲ್ಲಿ ಅದು ಎರಡರಷ್ಟು, ಅಂದರೆ 0.4 ಮಿ.ಮೀ. ಕೆಳಗಿಳಿದಂತೆ ಕೈಗೆ ತಿಳಿಯುತ್ತದೆ. ಕಲಿಯುವವರು ಮೂರು ನಾಲ್ಕು ಹಾಳೆ ಬಿಟ್ಟುಕೊಳ್ಳಿ. ಜೀಪು ಮೆಕ್ಯಾನಿಕ್ ಬಳಿ ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳನೆಯ ಪಟ್ಟಿಗಳು) ಇದ್ದರೆ ಇನ್ನೂ ಒಳ್ಳೆಯದು.

ಎಂ3, ಅಂದರೆ 3 ಮಿ.ಮೀ. ದಪ್ಪದ ತಿರುಪು ಒಂದು ಸುತ್ತಿಗೆ 0.5 ಮಿ.ಮೀ. ಸಾಗುತ್ತದೆ. ಎಂ4 ಆದರೆ 0.7, ಎಂ5 ಆದರೆ 0.8. ಎಂ6 ಪೂರಾ 1 ಮಿ.ಮೀ. ಸುಮ್ನೆ ನೋಡಿದರೆ ಎಂ3 ಗೆಲ್ಲಬೇಕು. ಆದರೆ ಎಂ3 ತೆಳ್ಳಗಿದೆ, ಹಿತ್ತಾಳೆಯಲ್ಲಿ ಥ್ರೆಡ್ ಬೇಗ ಕಿತ್ತುಬರುತ್ತದೆ. ನಾನು ಎಂ4 ಹಾಕಿ, ತಲೆಯನ್ನು ದೊಡ್ಡದು ಮಾಡಿಸುತ್ತೇನೆ. 20 ಮಿ.ಮೀ. ಅಗಲದ ತಲೆಯ ಸುತ್ತಳತೆ 63 ಮಿ.ಮೀ. ಅಂಚಿನಲ್ಲಿ 9 ಮಿ.ಮೀ. ಸರಿಸಿದರೆ ತುದಿ 0.1 ಮಿ.ಮೀ. ಮಾತ್ರ ಸಾಗುತ್ತದೆ. ಒಂದು ಕಾಗದ! ಬೆರಳಿಗೆ ಇಷ್ಟು ಸೂಕ್ಷ್ಮ ಸಿಕ್ಕಮೇಲೆ ಅಪರೂಪದ ಸಣ್ಣ ಥ್ರೆಡ್ ಕೊರೆಯುವ ಟ್ಯಾಪ್ ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದು ಯಾಕೆ? ತಲೆಯ ಅಂಚಿಗೆ ನರ್ಲಿಂಗ್ (ಹಿಡಿತಕ್ಕೆ ತರಿತರಿ ಗೀರು) ಹಾಕಿಸಲು ಮರೆಯಬೇಡಿ, ಒದ್ದೆ ಬೆರಳು ಜಾರುತ್ತದೆ.

ಇನ್ನು ತಿರುಪನ್ನು ಕಟ್ಟಿಹಾಕುವ ಬಗೆ. ಲಾಕ್ ನಟ್ ಎಲ್ಲರಿಗೂ ಗೊತ್ತು, ಅಗ್ಗ, ಗಟ್ಟಿ. ಅದರ ಕಾಟವೂ ಎಲ್ಲರಿಗೂ ಗೊತ್ತು: ಸರಿಯಾಗಿ ಹೊಂದಿಸಿ ನಟ್ ಬಿಗಿದ ಕೂಡಲೇ ತಿರುಪು ಥ್ರೆಡ್ಡಿನಲ್ಲಿ ಮೇಲಕ್ಕೆ ಎಳೆದುಕೊಂಡು ಸಂದು ಬದಲಾಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಚೂರು ಜಾಸ್ತಿ ತಿರುಗಿಸಿಡುವ ಅಭ್ಯಾಸ ಬರಬೇಕು. ಇನ್ನೊಂದು ಬಗೆ ಸೀಳು ಕಂಬ. ಥ್ರೆಡ್ ಇರುವ ತೂತಿನವರೆಗೆ ಹ್ಯಾಕ್ಸಾದಿಂದ ಒಂದು ಸೀಳು ಹಾಕಿ, ಪಕ್ಕದಿಂದ ಪುಟ್ಟ ಸ್ಕ್ರೂ ಬಿಗಿದರೆ ಕಂಬವೇ ತಿರುಪನ್ನು ಹಿಡಿದುಕೊಳ್ಳುತ್ತದೆ. ಸಂದು ಅಲುಗುವುದೇ ಇಲ್ಲ ಎನ್ನಬಹುದು. ಸಂದಿನ ತಿರುಪಿಗೆ ಸೀಳು ಕಂಬ, ಸ್ಪ್ರಿಂಗ್ ಮತ್ತು ಕೀಲಿನ ತಿರುಪುಗಳಿಗೆ ಲಾಕ್ ನಟ್. ನಾನು ಹೀಗೆ ಹಂಚಿದ್ದೇನೆ.

ಸ್ಪ್ರಿಂಗ್

ಬಾಲ್ ಪೆನ್ನಿನ ಸ್ಪ್ರಿಂಗ್ ಕೀಲಿನ ಹತ್ತಿರ ಇಟ್ಟರೆ ತೀರಾ ಬಡಪಾಯಿ. ಲೆಕ್ಕ ನೋಡಿ. ಸ್ಪ್ರಿಂಗ್ ಕೀಲಿನಿಂದ 20 ಮಿ.ಮೀ., ನಾಬ್ 80 ಮಿ.ಮೀ. ದೂರ ಇದ್ದರೆ, ಸ್ಪ್ರಿಂಗಿನ 1 ಕೆ.ಜಿ. ಒತ್ತಡ ನಾಬಿನಲ್ಲಿ 250 ಗ್ರಾಂ ಆಗುತ್ತದೆ. ನನ್ನ ಕೈಗೆ ಹಿತ ಅನಿಸುವುದು ಅದೇ 250 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ನಾಬನ್ನು ತಲೆಕೆಳಗಾಗಿ ಒತ್ತಿ ಅಳೆದೆ, ಮನೆಯಾಕೆ ಏನೂ ಹೇಳಲಿಲ್ಲ. ಹಾಗಾಗಿ ಕೀಲಿನ ಹತ್ತಿರ ಗಟ್ಟಿ ಸ್ಪ್ರಿಂಗ್ ಇಡಿ. ಕಾರಣ, ದೂರದಲ್ಲಿಟ್ಟ ಮೆತ್ತನೆಯ ಸ್ಪ್ರಿಂಗ್ ತೋಳನ್ನು ಕುಣಿಸುತ್ತದೆ, ಬಿಗಿಯನ್ನು ಹೊಂದಿಸುವ ವ್ಯಾಪ್ತಿಯೂ ಕಡಿಮೆ.

ಸ್ಪ್ರಿಂಗ್ ಬದಲು ಎರಡು ಆಯಸ್ಕಾಂತಗಳನ್ನು ಎದುರುಬದುರು ಇಟ್ಟು ತಳ್ಳಿಸುವವರೂ ಇದ್ದಾರೆ. ತುಕ್ಕಿಲ್ಲ, ಸದ್ದಿಲ್ಲ, ನೋಡಲು ಚೆಂದ. ಆದರೆ ಹತ್ತಿರ ಬಂದಷ್ಟೂ ತಳ್ಳುವ ಬಲ ಜೋರಾಗಿ ಏರುತ್ತದೆ. ನನಗೆ ಕೀ ಒತ್ತಿದಂತೆಯೇ ಅನಿಸಲಿಲ್ಲ. ಇಷ್ಟಪಡುವವರು ಇಷ್ಟಪಡಲಿ.

ಕಾಂಟ್ಯಾಕ್ಟ್: ಜೀಪಿನದಾ, ಪಂಪಿನದಾ?

ಈ ಊರಿನಲ್ಲಿ ಯಾರದ್ದಾದರೂ ಶೆಡ್ಡಿನಲ್ಲಿ ಹಳೆಯ ಪೆಟ್ರೋಲ್ ಜೀಪಿನ ಪಾಯಿಂಟ್ ಸೆಟ್ (ಇಂಜಿನ್ನಿನ ಕಿಡಿಗಾಗಿ ಕರೆಂಟು ಕಡಿಯುವ ಕಾಂಟ್ಯಾಕ್ಟು) ಬಿದ್ದಿರುತ್ತದೆ. ಪುಕ್ಕಟೆ ಸಿಗುತ್ತದೆ ಎಂದು ಅದನ್ನೇ ಹಾಕುವ ಆಸೆ ಎಲ್ಲರಿಗೂ. ಅದು ಟಂಗ್‌ಸ್ಟನ್. ಕಲ್ಲಿನಂತೆ ಗಟ್ಟಿ, ಸವೆಯುವುದಿಲ್ಲ. ಜೀಪಿನಲ್ಲಿ 12 ವೋಲ್ಟಿನ ಕರೆಂಟು, ಕಿಡಿ ಹಾರಿ ಅದರ ಮೇಲೆ ಕಟ್ಟುವ ತುಕ್ಕಿನಂಥ ಪೊರೆ ಸುಟ್ಟುಹೋಗುತ್ತದೆ. ಈಗಿನ ರೇಡಿಯೊಗಳಲ್ಲಿ ಕೀ ಮೇಲೆ ಬರುವುದು ಕೆಲವು ವೋಲ್ಟ್, ಕೆಲವೇ ಮಿಲಿಆಂಪಿಯರ್. ಪೊರೆಯನ್ನು ಹರಿಯುವ ತಾಕತ್ತು ಅದಕ್ಕಿಲ್ಲ. ನಾಲ್ಕು ಡಿಟ್‌ಗೆ ಒಂದು ಮಾಯ.

ಬೆಳ್ಳಿ ಇದಕ್ಕಿಂತ ಬಹಳ ಮೇಲು. ಕಪ್ಪಾದರೂ ಹೆಚ್ಚು ಕಡಿಮೆ ಕೆಲಸ ಮಾಡುತ್ತದೆ. ತೋಟದ ಸ್ಪ್ರಿಂಕ್ಲರ್ ಪಂಪಿನ ಹಳೆಯ ಸ್ಟಾರ್ಟರ್ ಬಿಚ್ಚಿದರೆ ಬೆಳ್ಳಿ ಬೆರಕೆಯ ದಪ್ಪ ಗುಂಡಿಗಳು ಸಿಗುತ್ತವೆ. ಸುಟ್ಟ ಗುರುತನ್ನು ಒಮ್ಮೆ ಅರದಿಂದ ಉಜ್ಜಿ ನಯಮಾಡಿ ಬೆಸೆದರೆ ಆಯುಷ್ಯಕ್ಕೆ ಸಾಕು. ಸ್ಟಾರ್ಟರ್ ಸಿಗದಿದ್ದರೆ ಅಕ್ಕಸಾಲಿಗರ ಬಳಿ ಕಾಳುಮೆಣಸಿನಷ್ಟು ಬೆಳ್ಳಿ ಕೇಳಿ. ಚಿನ್ನದ ಲೇಪ ಇನ್ನೂ ಒಳ್ಳೆಯದು, ಆದರೆ ಲೇಪ ತೆಳ್ಳಗಿದ್ದರೆ ದಿನಾ ಬಡಿದು ಸವೆಯುತ್ತದೆ. ಬರೀ ಹಿತ್ತಾಳೆಗೆ ಹಿತ್ತಾಳೆ ತಾಗಿಸಿದರೆ ಜಡಿಮಳೆಯ ಕಕ್ಕಡ ಮಾಸದಲ್ಲಿ ವಾರಕ್ಕೊಮ್ಮೆ ಉಜ್ಜುತ್ತಾ ಕೂರಬೇಕು.

ಉಜ್ಜಲು ಎಮರಿ ಪೇಪರ್ ಬೇಡ. ಬಿಳಿ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟಿನ ನಡುವೆ ಇಟ್ಟು, ಕೀ ಮೆಲ್ಲಗೆ ಒತ್ತಿ ಹಿಡಿದು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೆ. ಮುಗೀತು.

ತಳ: ಮರ, ಲೋಹ, ಕಲ್ಲು

ನನ್ನ ಮೊದಲ ಕೀ ಕೆಟ್ಟದ್ದು ಇಲ್ಲೇ. ಮರ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ನಾನು ತೋಳನ್ನು ಮರದ ಎಳೆಗೆ ಅಡ್ಡವಾಗಿ ಕೂರಿಸಿದ್ದೆ. ಮರವೇ ಬೇಕೆಂದರೆ ತೋಳು ಎಳೆಯ ಉದ್ದಕ್ಕೇ ಇರಲಿ, ಆರೂ ಮುಖಕ್ಕೆ ವಾರ್ನಿಷ್ ಬೀಳಲಿ. ಇನ್ನೂ ಮುಖ್ಯವಾಗಿ, ಕೀಲಿನ ಕಂಬ, ಕಾಂಟ್ಯಾಕ್ಟ್, ಸಂದಿನ ತಿರುಪು ಮೂರನ್ನೂ 5 ಮಿ.ಮೀ. ದಪ್ಪದ ಒಂದೇ ಹಿತ್ತಾಳೆ ಪಟ್ಟಿಯ ಮೇಲೆ ಕೂರಿಸಿ, ಆಮೇಲೆ ಆ ಪಟ್ಟಿಯನ್ನು ಮರಕ್ಕೆ ಒಂದೇ ಕಡೆ ಬಿಗಿಯಿರಿ. ಕೆಳಗಿನ ಕಾಂಟ್ಯಾಕ್ಟಿಗೆ ಮಾತ್ರ ಫೈಬರ್ ವಾಷರ್ ಹಾಕಿ ಪಟ್ಟಿಯಿಂದ ಬೇರೆ ಮಾಡಬೇಕು, ಮರೆತರೆ ಕೀ ಸದಾ ಒತ್ತಿದಂತೆ ಇರುತ್ತದೆ. ಹೀಗೆ ಮಾಡಿದರೆ ಮರ ಹೇಗೆ ಬಾಗಿದರೂ ಸಂದಿಗೆ ಸುದ್ದಿ ಮುಟ್ಟುವುದಿಲ್ಲ.

ಯಾವ ಮರ? ಬೀಟೆ ಭಾರ ಮತ್ತು ಚೆಂದ. ಆದರೆ ಹಳೆ ಮನೆಯ ಕಿಟಕಿ ಚೌಕಟ್ಟಿನ ತುಂಡು ಸಿಕ್ಕರೆ ಮಾತ್ರ ಬಳಸಿ, ಕೀ ಮಾಡಲು ಹೋಗಿ ಅರಣ್ಯ ಇಲಾಖೆಯ ಬಾಗಿಲು ತಟ್ಟುವಂತಾಗಬಾರದು. ಸಿಲ್ವರ್ ಓಕ್ ಹಗುರ. ಕಾಫಿ ಗಿಡದ ಬೊಡ್ಡೆ ಗಟ್ಟಿ, ಆದರೆ ಒಣಗುವಾಗ ಸೀಳುತ್ತದೆ. ವರ್ಷ ಒಣಗಿಸುವ ತಾಳ್ಮೆ ಇದ್ದರೆ ನಾಬಿಗೆ ಹೇಳಿ ಮಾಡಿಸಿದಂತಿದೆ.

ಪೂರಾ ಹಿತ್ತಾಳೆಯ ತಳ 100×75×10 ಮಿ.ಮೀ. ಆದರೆ ಸುಮಾರು 640 ಗ್ರಾಂ. ಒಳ್ಳೆಯದೇ, ಆದರೆ ಬೆಲೆ ಕೇಳಿ ನಾನು ಹಿಂದೆ ಬಂದೆ. ಆಗ ಹೊಳೆದದ್ದು ಗ್ರಾನೈಟ್. ಅಡುಗೆಮನೆ ಕಟ್ಟೆ ಮಾಡುವ ಅಂಗಡಿಯ ಹಿಂದೆ ತುಂಡುಗಳ ರಾಶಿ ಇರುತ್ತದೆ. 150×100×20 ಮಿ.ಮೀ. ತುಂಡು 800 ಗ್ರಾಂ ತೂಗುತ್ತದೆ. ಹಿಗ್ಗುವುದಿಲ್ಲ, ಬಾಗುವುದಿಲ್ಲ, ಕರೆಂಟನ್ನೂ ಹರಿಸುವುದಿಲ್ಲ. ತೂತು ಮಾತ್ರ ಅಂಗಡಿಯವರಿಂದಲೇ ಡೈಮಂಡ್ ಬಿಟ್‌ನಲ್ಲಿ ಹಾಕಿಸಿ. ಮನೆಯ ಡ್ರಿಲ್ಲಿನಲ್ಲಿ ಪ್ರಯತ್ನಿಸಿ ನಾನು ಎರಡು ತುಂಡು ಒಡೆದೆ. ತೂತೇ ಬೇಡವೆಂದರೆ ಹಿತ್ತಾಳೆ ಪಟ್ಟಿಯನ್ನು ಎಪಾಕ್ಸಿ ಗೋಂದಿನಿಂದ ಅಂಟಿಸಿದರೂ ನಿಲ್ಲುತ್ತದೆ. ಅಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿ. ಈಗ ನನ್ನ ಮೇಜಿನ ಮೇಲಿರುವುದು ಇದೇ.

ನಾಬಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯ ಡ್ರಾಯರ್ ಗುಂಡಿ ಸಾಕು. ಅದರ ಅಡಿಗೆ ಒಂದು ಕೇರಂ ಕಾಯಿ ಹಾಕಿದರೆ ಹಳೆಯ ನೌಕಾಪಡೆ ಶೈಲಿಯ ನಾಬ್ ಆಗುತ್ತದೆ. ಆ ಕಾಲದಲ್ಲಿ ತೋಳಿನ ಲೋಹಕ್ಕೆ ಬೆರಳು ಜಾರಿ ಶಾಕ್ ಹೊಡೆಯದಿರಲಿ ಎಂದು ಆ ತಟ್ಟೆ ಇಡುತ್ತಿದ್ದರು. ಈಗ ಬೆರಳಿಗೆ ಆಸರೆ ಅಷ್ಟೇ. ತೋಳಿಗೆ 10 ಮಿ.ಮೀ. ಚೌಕದ ಹಿತ್ತಾಳೆ ಸರಳು ತನ್ನಿ. ಅಲ್ಯೂಮಿನಿಯಂ ಹಗುರ, ಆದರೆ ಅದರ ಪೊರೆ ಕರೆಂಟಿಗೆ ಅಡ್ಡಗಾಲು.

ಎಲ್ಲ ಸೇರಿದ ಮೇಲೆ ಹೊಂದಿಸುವ ಕ್ರಮ ಹೀಗೆ. ಮೊದಲು ಕೀಲಿನ ಮೊನೆಗಳನ್ನು ಬಿಗಿದು, ತೋಳು ತನ್ನ ತೂಕಕ್ಕೆ ಬೀಳುವಷ್ಟು ಮಾತ್ರ ಸಡಿಲಿಸಿ. ಆಮೇಲೆ ಕಾಂಟ್ಯಾಕ್ಟುಗಳು ನೇರ ಕೂರುತ್ತವೆಯೇ ನೋಡಿ. ಮೂರನೆಯದಾಗಿ ಸಂದು, ಕೊನೆಗೆ ಸ್ಪ್ರಿಂಗ್. ಸ್ಪ್ರಿಂಗ್ ಮೊದಲು ಬಿಗಿದರೆ ಸಂದಿನ ದೋಷ ಕೈಗೆ ತಿಳಿಯುವುದಿಲ್ಲ. ಎಲ್ಲ ಸರಿಯಾದ ಮೇಲೆ ತಿರುಪಿನ ತಲೆಗೂ ಕಂಬಕ್ಕೂ ಸೇರಿಸಿ ನೈಲ್ ಪಾಲಿಶಿನಿಂದ ಒಂದು ಗೆರೆ ಎಳೆಯಿರಿ.

ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಮನೆಯಲ್ಲಿ ಕೋವಿ, ಕತ್ತಿಗಳನ್ನೆಲ್ಲ ಒರೆಸಿ ಹೊರಗಿಡುವಾಗ ನಾನೂ ಕೀಯನ್ನು ತೆಗೆದು ಎರಡು ಹಾಳೆ ಕಾಗದ ತೂರಿಸಿ ನೋಡುತ್ತೇನೆ. ಕಳೆದ ಸಲ ಹಾಳೆಗಳು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಿದವು. ಕೆಂಪು ಗೆರೆಯೂ ಇದ್ದಲ್ಲೇ ಇತ್ತು.